ಮೂರು ಸರ್ವರ್‌ಗಳ ಕ್ಲಸ್ಟರ್ ಅನ್ನು ಕೋಡ್‌ನಿಂದ ಕಟ್ಟುವ ಕ್ರಮ: ಟೆರ್ರಾಫಾರ್ಮ್, ಮುಂಬಯಿ ರೀಜನ್ ಮತ್ತು ಕೆ3ಎಸ್

ಕ್ಲೌಡ್‌ನಲ್ಲಿ ಒಂದೇ ಒಂದು ಸರ್ವರ್ ಬೇಕಿದ್ದರೆ ಕನ್ಸೋಲ್ ತೆರೆದು ಹತ್ತು ನಿಮಿಷ ಕ್ಲಿಕ್ ಮಾಡಿದರೆ ಕೆಲಸ ಮುಗಿಯುತ್ತದೆ. ಆದರೆ ಮೂರು ಸರ್ವರ್‌ಗಳು, ಅವುಗಳ ನಡುವಿನ ನೆಟ್‌ವರ್ಕ್, ಯಾವ ಪೋರ್ಟ್ ಯಾರಿಗೆ ತೆರೆದಿರಬೇಕೆಂಬ ನಿಯಮಗಳು, ಯಾವ ಸರ್ವರ್ ಯಾವ ಗುಟ್ಟನ್ನು ಓದಬಹುದೆಂಬ ಅನುಮತಿಗಳು ಇವೆಲ್ಲ ಸೇರಿದಾಗ, ಆರು ತಿಂಗಳ ನಂತರ ಅದನ್ನು ಹಾಗೆಯೇ ಮತ್ತೊಮ್ಮೆ ಕಟ್ಟಲು ಕಟ್ಟಿದವರಿಗೇ ಸಾಧ್ಯವಾಗುವುದಿಲ್ಲ. ಇದಕ್ಕಾಗಿಯೇ ಇಡೀ ವ್ಯವಸ್ಥೆಯನ್ನು ಕೋಡ್ ಆಗಿ ಬರೆದು, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಟ್ಟು, ಆ ಕೋಡ್‌ನಿಂದಲೇ ಕಟ್ಟಿಸುವ ಪದ್ಧತಿ ಬಂದಿದೆ. ಈ ಬರಹದಲ್ಲಿ ಅಮೆಜಾನ್‌ನ ಎಡಬ್ಲ್ಯುಎಸ್ ಕ್ಲೌಡ್‌ನ ಮುಂಬಯಿ ರೀಜನ್‌ನಲ್ಲಿ, ಟೆರ್ರಾಫಾರ್ಮ್ ಬಳಸಿ, ಮೂರು ಸರ್ವರ್‌ಗಳ ಒಂದು ಚಿಕ್ಕ ಕುಬರ್ನೆಟೀಸ್ ಕ್ಲಸ್ಟರ್ ಕಟ್ಟುವ ಕ್ರಮವನ್ನು ವಿವರಿಸಿದ್ದೇನೆ. ರೀಜನ್ ಎಂದರೆ ಒಂದು ಪ್ರದೇಶದಲ್ಲಿರುವ ಡೇಟಾ ಸೆಂಟರ್‌ಗಳ ಸಮೂಹ; ಕೋಡ್ ಓದಿ ಕ್ಲೌಡ್‌ನಲ್ಲಿ ಬೇಕಾದದ್ದನ್ನು ಕಟ್ಟುವ ಸಲಕರಣೆ ಟೆರ್ರಾಫಾರ್ಮ್; ಹಲವು ಸರ್ವರ್‌ಗಳನ್ನು ಒಂದು ಕ್ಲಸ್ಟರ್ ಆಗಿ ಸೇರಿಸಿ ಅವುಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸುವ ವ್ಯವಸ್ಥೆ ಕುಬರ್ನೆಟೀಸ್, ಅದರ ಹಗುರ ರೂಪ ಕೆ3ಎಸ್. ಒಂದೊಂದು ಬ್ಲಾಕ್ ಅನ್ನು, ಅಂದರೆ ಒಂದು ಸಂಪನ್ಮೂಲವನ್ನು ವರ್ಣಿಸುವ ಕೋಡ್‌ನ ತುಂಡನ್ನು, ಹೇಗೆ ಬರೆಯಬೇಕೆಂಬುದು ಟೆರ್ರಾಫಾರ್ಮ್ ಅನ್ನು ಎಡಬ್ಲ್ಯುಎಸ್‌ಗೆ ಜೋಡಿಸುವ ಪ್ರೊವೈಡರ್‌ನ ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಇರುವುದರಿಂದ ಅದನ್ನು ಇಲ್ಲಿ ಪುನರುಕ್ತಿ ಮಾಡುವುದಿಲ್ಲ. ದಾಖಲೆಗಳಲ್ಲಿ ಒಂದೆಡೆ ಸಿಗದಿರುವುದು ಯಾವುದನ್ನು ಏಕೆ ಹಾಗೆ ಬರೆಯಬೇಕೆಂಬ ತೀರ್ಮಾನಗಳು. ನನ್ನ ಗಮನ ಅವುಗಳ ಮೇಲೆಯೇ ಇದೆ.

ಸಲಕರಣೆಯ ಬಗ್ಗೆ ಒಂದೆರಡು ಮಾತು ಅಗತ್ಯ. ಟೆರ್ರಾಫಾರ್ಮ್ ಅನ್ನು ಹ್ಯಾಶಿಕಾರ್ಪ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿತು. 2023ರ ಆಗಸ್ಟ್‌ನಲ್ಲಿ ಅದರ ಲೈಸೆನ್ಸ್ ಬದಲಾಗಿ, ಮುಕ್ತ ತಂತ್ರಾಂಶದ ವ್ಯಾಖ್ಯೆಯಿಂದ ಅದು ಹೊರಬಿದ್ದಾಗ, ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದು ಓಪನ್‌ಟೋಫು ಹುಟ್ಟಿತು; ಅದು ಈಗ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿದೆ ಮತ್ತು ಅದರ ಮೊದಲ ಸ್ಥಿರ ಆವೃತ್ತಿ 2024ರ ಜನವರಿಯಲ್ಲಿ ಬಂದಿತು. ಇಲ್ಲಿ ಹೇಳಿರುವ ಬಹುಪಾಲು ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಹೊಸದಾಗಿ ಆರಂಭಿಸುವವರು ಯಾವುದನ್ನು ಆರಿಸಿಕೊಂಡರೂ ತೊಂದರೆಯಿಲ್ಲ, ಆದರೆ ಇಡೀ ತಂಡ ಒಂದನ್ನೇ ಬಳಸಬೇಕು, ಅದರ ಆವೃತ್ತಿಯನ್ನೂ ಕೋಡ್‌ನಲ್ಲಿ ನಮೂದಿಸಿರಬೇಕು.

ಮೊದಲು ಸ್ಟೇಟ್ ಫೈಲ್

ಸರ್ವರ್‌ಗಿಂತ ಮೊದಲು ಯೋಚಿಸಬೇಕಾದದ್ದು ಸ್ಟೇಟ್ ಫೈಲ್ ಬಗ್ಗೆ. ಊರಿನ ಉದಾಹರಣೆ ಕೊಡುವುದಾದರೆ, ಜಮೀನು ಬೇರೆ, ಪಹಣಿ ಬೇರೆ. ಜಮೀನು ಇದ್ದ ಜಾಗದಲ್ಲೇ ಇರುತ್ತದೆ. ಅದು ಯಾರದು, ಎಷ್ಟು ಗುಂಟೆ ಎಂಬುದನ್ನು ಪಹಣಿ ಹೇಳುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಕಚೇರಿಗೆ ಅಲೆದಾಟ ತಪ್ಪಿದ್ದಲ್ಲ. ಟೆರ್ರಾಫಾರ್ಮ್‌ನಲ್ಲಿಯೂ ಹಾಗೆಯೇ: ಕ್ಲೌಡ್‌ನಲ್ಲಿ ನಿಜವಾಗಿ ಓಡುತ್ತಿರುವ ಸರ್ವರ್ ಒಂದು, ಕೋಡ್‌ನಲ್ಲಿ ನಾವು ಬರೆದ ಬ್ಲಾಕ್ ಇನ್ನೊಂದು, ಈ ಬ್ಲಾಕ್ ಎಂದರೆ ಆ ಸರ್ವರ್ ಎಂದು ಗಂಟು ಹಾಕಿಡುವ ದಾಖಲೆ ಮೂರನೆಯದು. ಆ ಮೂರನೆಯದೇ ಸ್ಟೇಟ್. ಅದು ಕಳೆದುಹೋದರೆ ಸರ್ವರ್‌ಗಳೇನೋ ಓಡುತ್ತಲೇ ಇರುತ್ತವೆ, ಆದರೆ ಟೆರ್ರಾಫಾರ್ಮ್‌ಗೆ ಅವು ತನ್ನವೆಂದು ಗೊತ್ತಿರುವುದಿಲ್ಲ. ಮುಂದಿನ ಸಲ ಅದು ಎಲ್ಲವನ್ನೂ ಹೊಸದಾಗಿ ಕಟ್ಟಲು ಹೊರಡುತ್ತದೆ.

ಹೀಗಾಗಿ ಸ್ಟೇಟ್ ಫೈಲ್ ಯಾರೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಇರಬಾರದು, ಗಿಟ್‌ನಲ್ಲಂತೂ ಇರಲೇಬಾರದು, ಏಕೆಂದರೆ ಸಂಪನ್ಮೂಲಗಳಿಗೆ ಕೊಟ್ಟ ಪಾಸ್‌ವರ್ಡ್‌ಗಳು ಅದರಲ್ಲಿ ಬರಿಗಣ್ಣಿಗೆ ಕಾಣುವಂತೆ ಕುಳಿತಿರುತ್ತವೆ. ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ ಸೇವೆಯಾದ ಎಸ್3ಯಲ್ಲಿ ಇದಕ್ಕೆಂದೇ ಒಂದು ಬಕೆಟ್ (ಫೈಲ್‌ಗಳ ಪೆಟ್ಟಿಗೆ) ಮಾಡಿ, ಅದರ ವರ್ಷನಿಂಗ್ ಅನ್ನು ಆನ್ ಮಾಡಿ, ಸಾರ್ವಜನಿಕ ಪ್ರವೇಶವನ್ನು ಪೂರ್ತಿ ಮುಚ್ಚಿ, ಓದುವ ಅನುಮತಿಯನ್ನು ಬೆರಳೆಣಿಕೆಯ ಜನರಿಗೆ ಮಾತ್ರ ಕೊಡಿ. ವರ್ಷನಿಂಗ್ ಇದ್ದರೆ, ಎಂದಾದರೂ ಸ್ಟೇಟ್ ಕೆಟ್ಟಾಗ ಹಿಂದಿನ ಪ್ರತಿಯನ್ನು ಎತ್ತಿಕೊಳ್ಳಬಹುದು. ಇಬ್ಬರು ಏಕಕಾಲಕ್ಕೆ ಬದಲಾವಣೆ ಮಾಡದಂತೆ ತಡೆಯುವ ಬೀಗಕ್ಕೆ ಹಿಂದೆ ಡೈನಮೋಡಿಬಿ ಎಂಬ ಡೇಟಾಬೇಸ್‌ನಲ್ಲಿ ಪ್ರತ್ಯೇಕ ಟೇಬಲ್ ಬೇಕಾಗುತ್ತಿತ್ತು, ಟೆರ್ರಾಫಾರ್ಮ್ 1.10ರಿಂದ ಎಸ್3ಯಲ್ಲೇ ಲಾಕ್ ಫೈಲ್ ಇಡುವ ಸೌಲಭ್ಯ ಬಂದಿದೆ, ಹೊಸ ಯೋಜನೆಗಳಿಗೆ ಅದೇ ಸಾಕು. ಈ ಬಕೆಟ್ ಅನ್ನು ಮಾತ್ರ ಕ್ಲಸ್ಟರ್‌ನ ಕೋಡ್‌ನೊಳಗೆ ಸೇರಿಸಬೇಡಿ. ತಾನು ನಿಂತ ಕೊಂಬೆಯನ್ನು ತಾನೇ ಕಡಿದುಕೊಳ್ಳುವ ಸ್ಥಿತಿ ಬರಬಾರದು. ಕೈಯಿಂದಲೋ ಪ್ರತ್ಯೇಕ ಫೋಲ್ಡರ್‌ನ ಸಣ್ಣ ಕೋಡ್‌ನಿಂದಲೋ ಅದನ್ನು ಒಮ್ಮೆ ಮಾಡಿಟ್ಟರೆ ಸಾಕು.

ಟೆರ್ರಾಫಾರ್ಮ್ ಅನ್ನು ಕೆಲಸಕ್ಕೆ ಸಜ್ಜುಗೊಳಿಸುವ ಇನಿಟ್ ಕಮಾಂಡ್ ಓಡಿಸಿದಾಗ ಪ್ರೊವೈಡರ್‌ನ ನಿಖರ ಆವೃತ್ತಿಯನ್ನು ಬರೆದಿಡುವ ಒಂದು ಲಾಕ್ ಫೈಲ್ ಹುಟ್ಟಿಕೊಳ್ಳುತ್ತದೆ. ಹೆಸರು ಹೋಲುತ್ತದೆಯಾದರೂ ಇದು ಮೇಲೆ ಹೇಳಿದ ಬೀಗವಲ್ಲ. ಇದನ್ನು ಗಿಟ್‌ಗೆ ಸೇರಿಸಬೇಕು.

ನೆಟ್‌ವರ್ಕ್

ಮುಂಬಯಿ ರೀಜನ್ 2016ರಲ್ಲಿ ಆರಂಭವಾಯಿತು. ಅದರಲ್ಲಿ ಎ, ಬಿ, ಸಿ ಎಂಬ ಮೂರು ಅವೈಲಬಿಲಿಟಿ ಝೋನ್‌ಗಳಿವೆ, ಅಂದರೆ ಒಂದು ಕೆಟ್ಟರೂ ಉಳಿದವು ನಡೆಯುವಂತೆ ಬೇರೆಬೇರೆಯಾಗಿರುವ ಡೇಟಾ ಸೆಂಟರ್ ಗುಂಪುಗಳು. ಮೂರು ಸರ್ವರ್‌ಗಳನ್ನು ಮೂರು ಝೋನ್‌ಗಳಲ್ಲಿ ಇಡುವುದೇ ಈ ವಿನ್ಯಾಸದ ಬುನಾದಿ. ಕ್ಲಸ್ಟರ್‌ನ ಎಲ್ಲ ಮಾಹಿತಿಯನ್ನು ಇಟ್ಟುಕೊಳ್ಳುವ ಇಟಿಸಿಡಿ ಎಂಬ ಡೇಟಾಬೇಸ್ ಬಹುಮತದ ಮೇಲೆ ನಡೆಯುತ್ತದೆ: ಮೂವರಲ್ಲಿ ಇಬ್ಬರು ಬದುಕಿದ್ದರೆ ಕೆಲಸ ಸಾಗುತ್ತದೆ, ಒಬ್ಬರೇ ಉಳಿದರೆ ನಿಲ್ಲುತ್ತದೆ. ಖರ್ಚು ಉಳಿಸಲು ಎರಡೇ ಸರ್ವರ್ ಸಾಕೆಂದು ಯೋಚಿಸುವವರಿದ್ದಾರೆ. ಎರಡರ ಬಹುಮತ ಎರಡೇ ಆದ್ದರಿಂದ, ಒಂದು ಬಿದ್ದರೂ ಕ್ಲಸ್ಟರ್ ನಿಲ್ಲುತ್ತದೆ. ಬೀಳಬಲ್ಲ ಯಂತ್ರಗಳ ಸಂಖ್ಯೆ ಮಾತ್ರ ಇಮ್ಮಡಿಯಾಗಿರುತ್ತದೆ. ಒಂದು ಇಡಿ, ಇಲ್ಲವೇ ಮೂರು ಇಡಿ.

ಎಡಬ್ಲ್ಯುಎಸ್‌ನೊಳಗಿನ ನಮ್ಮ ಖಾಸಗಿ ನೆಟ್‌ವರ್ಕ್ ಆದ ವಿಪಿಸಿಗೆ 10.20.0.0/16 ಎಂಬ ವಿಳಾಸ ಶ್ರೇಣಿಯನ್ನು ಕೊಡೋಣ. ಅದರೊಳಗೆ ಝೋನ್‌ಗೊಂದರಂತೆ 10.20.0.0/20, 10.20.16.0/20, 10.20.32.0/20 ಎಂಬ ಮೂರು ಸಬ್‌ನೆಟ್‌ಗಳು, ಅಂದರೆ ಉಪ ನೆಟ್‌ವರ್ಕ್‌ಗಳು. ಒಂದೊಂದರಲ್ಲಿ 4096 ವಿಳಾಸಗಳಿದ್ದು, ಮೊದಲ ನಾಲ್ಕನ್ನೂ ಕೊನೆಯ ಒಂದನ್ನೂ ಎಡಬ್ಲ್ಯುಎಸ್ ತನಗಾಗಿ ಇಟ್ಟುಕೊಳ್ಳುವುದರಿಂದ 4091 ನಮಗೆ ದೊರೆಯುತ್ತವೆ. ನಾಳೆ ಬೇರೊಂದು ವಿಪಿಸಿಯ ಜೊತೆಗೋ ಕಚೇರಿಯ ನೆಟ್‌ವರ್ಕ್ ಜೊತೆಗೋ ಜೋಡಿಸಬೇಕಾಗಿ ಬಂದರೆ ಶ್ರೇಣಿಗಳು ಒಂದರ ಮೇಲೊಂದು ಬೀಳಬಾರದು. ವಿಪಿಸಿಗೆ ಕೊಟ್ಟ ಮೂಲ ಶ್ರೇಣಿಯನ್ನು ಮುಂದೆ ಬದಲಿಸಲು ಬರುವುದಿಲ್ಲವಾದ್ದರಿಂದ, ತಂಡದಲ್ಲಿ ಯಾವ ಯೋಜನೆಗೆ ಯಾವ ಶ್ರೇಣಿ ಎಂಬ ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳಿ.

ಸರ್ವರ್‌ಗಳ ಫೈರ್‌ವಾಲ್ ಆದ ಸೆಕ್ಯೂರಿಟಿ ಗ್ರೂಪ್‌ನಲ್ಲಿ ತೆರೆಯಬೇಕಾದ ಪೋರ್ಟ್‌ಗಳು ಕೆಲವೇ. ಸರ್ವರ್‌ಗಳು ತಮ್ಮತಮ್ಮೊಳಗೆ ಮಾತನಾಡಲು ಕುಬರ್ನೆಟೀಸ್‌ನ ಎಪಿಐಗೆ 6443, ಇಟಿಸಿಡಿಗೆ 2379 ಮತ್ತು 2380, ಪ್ರತಿ ಸರ್ವರ್‌ನಲ್ಲಿ ಕುಬರ್ನೆಟೀಸ್‌ನ ಪ್ರತಿನಿಧಿಯಾಗಿ ಓಡುವ ಕ್ಯೂಬ್‌ಲೆಟ್‌ಗೆ 10250 ಎಂಬ ಟಿಸಿಪಿ ಪೋರ್ಟ್‌ಗಳು. ಪಾಡ್‌ಗಳ (ಕುಬರ್ನೆಟೀಸ್ ಓಡಿಸುವ ಅಪ್ಲಿಕೇಶನ್ ಘಟಕಗಳ) ನಡುವಿನ ಸಂಚಾರಕ್ಕೆ 8472 ಎಂಬ ಯುಡಿಪಿ ಪೋರ್ಟ್. ಇವೆಲ್ಲವನ್ನೂ ಅದೇ ಸೆಕ್ಯೂರಿಟಿ ಗ್ರೂಪ್‌ನಿಂದ ಬರುವ ಸಂಚಾರಕ್ಕೆ ಮಾತ್ರ ತೆರೆಯಿರಿ. 8472 ಹೊರಜಗತ್ತಿಗೆ ತೆರೆದಿದ್ದರೆ ಕ್ಲಸ್ಟರ್‌ನ ಒಳ ನೆಟ್‌ವರ್ಕ್‌ಗೆ ಯಾರು ಬೇಕಾದರೂ ನುಸುಳಬಹುದು. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ 22 ಅನ್ನು ತೆರೆಯುವ ಅಗತ್ಯವೇ ಇಲ್ಲ. ಸರ್ವರ್‌ಗೆ ಎಡಬ್ಲ್ಯುಎಸ್‌ನ ಲಾಗಿನ್ ಸೇವೆಯಾದ ಸೆಶನ್ ಮ್ಯಾನೇಜರ್‌ನ ಅನುಮತಿಯಿರುವ ರೋಲ್ (ಅನುಮತಿಗಳ ಕಟ್ಟು) ಕೊಟ್ಟರೆ ಕೀಲಿ, ಪೋರ್ಟ್ ಎರಡೂ ಇಲ್ಲದೆ ಒಳಗೆ ಹೋಗಬಹುದು.

ಹೊರಗಿನಿಂದ ತಂತ್ರಾಂಶ ಇಳಿಸಿಕೊಳ್ಳಲು ಸರ್ವರ್‌ಗಳಿಗೆ ಇಂಟರ್‌ನೆಟ್ ಬೇಕು. ಸರ್ವರ್‌ಗಳ ಪರವಾಗಿ ಹೊರಗೆ ಸಂಪರ್ಕಿಸುವ ನ್ಯಾಟ್ ಗೇಟ್‌ವೇ ಇಡುವುದು ಶಿಷ್ಟ ಮಾರ್ಗ. ಆದರೆ ಅದು ಗಂಟೆಗೆ ಇಷ್ಟೆಂದೂ ಹಾದುಹೋದ ಪ್ರತಿ ಜಿಬಿಗೆ ಇಷ್ಟೆಂದೂ ಶುಲ್ಕ ವಸೂಲು ಮಾಡುತ್ತದೆ. ಚಿಕ್ಕ ಕ್ಲಸ್ಟರ್‌ಗೆ, ಇಂಟರ್‌ನೆಟ್‌ನಿಂದ ಒಳಬರುವ ಸಂಚಾರವನ್ನು ಪೂರ್ತಿ ಮುಚ್ಚಿಟ್ಟು, ಸರ್ವರ್‌ಗೊಂದು ಸಾರ್ವಜನಿಕ ಐಪಿ ಕೊಡುವುದು ಅಗ್ಗ. 2024ರ ಫೆಬ್ರುವರಿಯಿಂದ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ದರವಿದೆ. ಮೂರಕ್ಕೆ ತಿಂಗಳಿಗೆ ಸುಮಾರು 11 ಡಾಲರ್ ಆಗುತ್ತದೆ.

ಮೂರು ಸರ್ವರ್‌ಗಳು, ಒಂದು ಮ್ಯಾಪ್

ಟೆರ್ರಾಫಾರ್ಮ್‌ನಲ್ಲಿ ಒಂದೇ ಬಗೆಯ ಹಲವು ಸರ್ವರ್‌ಗಳನ್ನು ಮಾಡಲು ಎರಡು ದಾರಿಗಳಿವೆ. ಕೌಂಟ್ ಎಂದರೆ 3 ಎಂದು ಸಂಖ್ಯೆ ಕೊಡುವುದು. ಆಗ ಸರ್ವರ್‌ಗಳು 0, 1, 2 ಎಂಬ ಕ್ರಮಸಂಖ್ಯೆಗಳಿಂದ ಗುರುತಿಸಲ್ಪಡುತ್ತವೆ. ಪಟ್ಟಿಯ ನಡುವಿನದನ್ನು ತೆಗೆದರೆ ಅದರ ನಂತರದವುಗಳ ಸಂಖ್ಯೆ ಜರುಗಿ, ಸಂಬಂಧವೇ ಇಲ್ಲದ ಸರ್ವರ್ ಒಡೆದು ಮರುಕಟ್ಟುವ ಸ್ಥಿತಿ ಬರುತ್ತದೆ. ಫಾರ್ ಈಚ್ ಎಂದರೆ ಹೆಸರುಗಳಿರುವ ಮ್ಯಾಪ್ ಕೊಡುವುದು. ಆಗ ಪ್ರತಿ ಸರ್ವರ್‌ಗೂ ತನ್ನದೇ ಹೆಸರಿರುತ್ತದೆ, ಒಂದನ್ನು ತೆಗೆದರೆ ಉಳಿದವುಗಳಿಗೆ ಏನೂ ಆಗುವುದಿಲ್ಲ. ಕ್ಲಸ್ಟರ್‌ಗೆ ಎರಡನೆಯದನ್ನೇ ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಆ ಮ್ಯಾಪ್‌ನಲ್ಲಿ ಪ್ರತಿ ಸರ್ವರ್‌ಗೆ ಮೂರು ಸಂಗತಿಗಳನ್ನು ಬರೆಯಿರಿ: ಯಾವ ಝೋನ್, ಯಾವ ಖಾಸಗಿ ಐಪಿ, ಯಾವ ಎಎಂಐ ಇಮೇಜ್‌ನ (ಸರ್ವರ್ ಹುಟ್ಟಲು ಬಳಸುವ ಸಿದ್ಧ ಅಚ್ಚಿನ) ಐಡಿ. ಐಪಿಯನ್ನು ನಾವೇ ಗೊತ್ತುಮಾಡಿ, ಎಗೆ 10.20.0.10, ಬಿಗೆ 10.20.16.10, ಸಿಗೆ 10.20.32.10 ಎಂದು ಕೊಡುವುದಕ್ಕೆ ಬಲವಾದ ಕಾರಣವಿದೆ. ಸರ್ವರ್‌ಗಳು ಒಂದನ್ನೊಂದು ಹುಡುಕಬೇಕು. ಆದರೆ ಎಯ ಬ್ಲಾಕ್ ಬಿಯ ಐಪಿಯನ್ನೂ, ಬಿಯ ಬ್ಲಾಕ್ ಎಯ ಐಪಿಯನ್ನೂ ಕೇಳಿದರೆ ಟೆರ್ರಾಫಾರ್ಮ್ ಚಕ್ರದಲ್ಲಿ ಸಿಲುಕಿ ದೋಷ ತೋರಿಸುತ್ತದೆ. ಐಪಿಗಳು ಮೊದಲೇ ತಿಳಿದಿದ್ದರೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಇಮೇಜ್ ಐಡಿಯನ್ನು ಸರ್ವರ್‌ಗೊಂದರಂತೆ ಏಕೆ ಬರೆಯಬೇಕೆಂಬುದನ್ನು ನಾನು ಪಟ್ಟ ಪಾಡಿನಿಂದಲೇ ಹೇಳುತ್ತೇನೆ. ಅದು ಪ್ಲ್ಯಾನ್‌ನ, ಅಂದರೆ ಏನೇನು ಬದಲಾಗಲಿದೆ ಎಂದು ಟೆರ್ರಾಫಾರ್ಮ್ ಮೊದಲೇ ತೋರಿಸುವ ಪಟ್ಟಿಯ, ಭಾಗದಲ್ಲಿ ಬರುತ್ತದೆ.

ಯಂತ್ರದ ಗಾತ್ರಕ್ಕೆ ಟಿ3 ಮೀಡಿಯಂ, ಅಂದರೆ 2 ವರ್ಚುವಲ್ ಸಿಪಿಯು ಮತ್ತು 4 ಜಿಬಿ ಮೆಮರಿ, ಆರಂಭಕ್ಕೆ ಸಾಕಾಗುತ್ತದೆ. ಡಿಸ್ಕ್ ಜಿಪಿ3 ಇರಲಿ. ಅದರ ಮೂಲ ದರದಲ್ಲೇ 3000 ಐಒಪಿಎಸ್ (ಸೆಕೆಂಡಿಗೆ ಓದು-ಬರಹಗಳ ಸಂಖ್ಯೆ) ಸಿಗುತ್ತದೆ. ಇಟಿಸಿಡಿ ಪ್ರತಿ ಬರಹವನ್ನೂ ಡಿಸ್ಕ್‌ಗೆ ಮುಟ್ಟಿಸಿಯೇ ಮುಂದುವರಿಯುವುದರಿಂದ, ನಿಧಾನದ ಡಿಸ್ಕ್ ಕೊಟ್ಟರೆ ಕ್ಲಸ್ಟರ್ ಕಾರಣವಿಲ್ಲದೆ ತೊದಲುತ್ತಿದೆ ಎಂದೆನಿಸುತ್ತದೆ.

ಮೊದಲ ಬೂಟ್‌ನ ಸ್ಕ್ರಿಪ್ಟ್

ಸರ್ವರ್ ಹುಟ್ಟಿದಾಗ ಅದರೊಳಗಿನ ಕ್ಲೌಡ್ ಇನಿಟ್ ಎಂಬ ಪ್ರೋಗ್ರಾಂ ಓಡಿಸುವ ಸ್ಕ್ರಿಪ್ಟ್ ಅನ್ನು ಸರ್ವರ್‌ನ ಬ್ಲಾಕ್‌ನ ಯೂಸರ್ ಡೇಟಾದಲ್ಲಿ ಕೊಡುತ್ತೇವೆ. ಅದರ ಮಿತಿ 16 ಕೆಬಿ, ಮತ್ತು ಸಾಮಾನ್ಯವಾಗಿ ಅದು ಮೊದಲ ಬೂಟ್‌ನಲ್ಲಿ ಮಾತ್ರ ಓಡುತ್ತದೆ. ನಮ್ಮ ಸ್ಕ್ರಿಪ್ಟ್‌ಗೆ ಎರಡು ಕೆಲಸ: ಕ್ಲಸ್ಟರ್ ಸೇರಲು ಬೇಕಾದ ಗುಟ್ಟಿನ ಟೋಕನ್ ತರುವುದು, ಕೆ3ಎಸ್ ಸ್ಥಾಪಿಸುವುದು.

ಟೋಕನ್ ಅನ್ನು ಟೆರ್ರಾಫಾರ್ಮ್‌ನಿಂದಲೇ ಹುಟ್ಟಿಸಬಹುದು, ಆದರೆ ಆಗ ಅದು ಸ್ಟೇಟ್‌ನಲ್ಲೂ ಯೂಸರ್ ಡೇಟಾದಲ್ಲೂ ಬಯಲಾಗಿ ಕೂರುತ್ತದೆ. ಅದರ ಬದಲು ಟೋಕನ್ ಅನ್ನು ಎಡಬ್ಲ್ಯುಎಸ್‌ನ ಪ್ಯಾರಾಮೀಟರ್ ಸ್ಟೋರ್‌ನಲ್ಲಿ ಗೂಢಲಿಪಿಯಾಗಿ ಕೈಯಿಂದ ಒಮ್ಮೆ ಹಾಕಿ, ಆ ಒಂದು ಪ್ಯಾರಾಮೀಟರ್ ಅನ್ನು ಓದುವ ಅನುಮತಿಯನ್ನಷ್ಟೇ ಸರ್ವರ್‌ನ ರೋಲ್‌ಗೆ ಕೋಡ್ ಮೂಲಕ ಕೊಡಿ. ಉಬುಂಟು ಇಮೇಜ್ ಬಳಸುವವರು ಗಮನಿಸಬೇಕಾದ ಸಂಗತಿಯೆಂದರೆ, ಎಡಬ್ಲ್ಯುಎಸ್‌ನ ಕಮಾಂಡ್ ಲೈನ್ ಸಲಕರಣೆ ಅದರಲ್ಲಿ ಮೊದಲೇ ಇರುವುದಿಲ್ಲ; ಸ್ಕ್ರಿಪ್ಟ್‌ನ ಆರಂಭದಲ್ಲೇ ಅದನ್ನು ಹಾಕಿಕೊಳ್ಳಬೇಕು. ಕೆ3ಎಸ್‌ನ ಆವೃತ್ತಿಯನ್ನೂ ಸ್ಪಷ್ಟವಾಗಿ ನಮೂದಿಸಿ. ಇಲ್ಲದಿದ್ದರೆ ಎಂಟು ತಿಂಗಳ ನಂತರ ಮರುಕಟ್ಟಿದ ಒಂದು ಸರ್ವರ್ ಉಳಿದೆರಡಕ್ಕಿಂತ ಹೊಸ ಆವೃತ್ತಿಯೊಡನೆ ಬಂದು ಸೇರಲು ನೋಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಹಲವು ಮಾರ್ಗದರ್ಶಿಗಳು ಇದನ್ನು ದಾಟಿಸಿಬಿಡುತ್ತವೆ. ಮೊದಲ ಸರ್ವರ್‌ಗೆ ಹೊಸ ಕ್ಲಸ್ಟರ್ ಆರಂಭಿಸು ಎಂದೂ, ಉಳಿದೆರಡಕ್ಕೆ ಮೊದಲನೆಯದನ್ನು ಸೇರು ಎಂದೂ ಹೇಳುವುದು ರೂಢಿ. ಕಟ್ಟುವಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಮುಂದೊಂದು ದಿನ ಆ ಮೊದಲ ಸರ್ವರ್ ಅನ್ನೇ ಮರುಕಟ್ಟಿದರೆ, ಖಾಲಿ ಡಿಸ್ಕ್‌ನೊಂದಿಗೆ ಬಂದ ಅದು ಹಳೆಯ ಆದೇಶವನ್ನೇ ಪಾಲಿಸಿ, ಉಳಿದಿಬ್ಬರನ್ನು ಬಿಟ್ಟು ತನ್ನದೇ ಹೊಸ ಕ್ಲಸ್ಟರ್ ಹೂಡುತ್ತದೆ. ಅದಕ್ಕಾಗಿ ಮೂರಕ್ಕೂ ಒಂದೇ ಸ್ಕ್ರಿಪ್ಟ್ ಕೊಡಿ: ಉಳಿದ ಎರಡು ಐಪಿಗಳ 6443 ಪೋರ್ಟ್ ಅನ್ನು ಅದು ಮೊದಲು ತಟ್ಟಿನೋಡಲಿ, ಯಾರಾದರೂ ಓಗೊಟ್ಟರೆ ಅವರನ್ನು ಸೇರಲಿ, ಯಾರೂ ಓಗೊಡದೆ, ತಾನು ಎ ಆಗಿದ್ದರೆ ಮಾತ್ರ ಹೊಸದನ್ನು ಆರಂಭಿಸಲಿ, ಬಿ ಅಥವಾ ಸಿ ಆಗಿದ್ದರೆ ಕಾಯುತ್ತಿರಲಿ. ಹೀಗೆ ಬರೆದರೆ ಯೂಸರ್ ಡೇಟಾವನ್ನು ಮುಂದೆ ತಿದ್ದುವ ಪ್ರಮೇಯವೂ ಬರುವುದಿಲ್ಲ. ಓಡುತ್ತಿರುವ ಸರ್ವರ್‌ನ ಯೂಸರ್ ಡೇಟಾ ತಿದ್ದಿದರೆ, ಪ್ಲ್ಯಾನ್‌ನಲ್ಲಿ ಅದು ನಿರುಪದ್ರವಿ ಬದಲಾವಣೆಯಂತೆ ಅಲೆಗೆರೆಯ ಚಿಹ್ನೆಯೊಂದಿಗೆ ಕಾಣಿಸುತ್ತದೆ. ವಾಸ್ತವದಲ್ಲಿ ಸರ್ವರ್ ನಿಂತು ಮತ್ತೆ ಶುರುವಾಗುತ್ತದೆ, ಹೊಸ ಸ್ಕ್ರಿಪ್ಟ್ ಮಾತ್ರ ಓಡುವುದೇ ಇಲ್ಲ.

ಪ್ಲ್ಯಾನ್ ಓದುವುದು

ಈ ಕೆಲಸದ ನಿಜವಾದ ಕೌಶಲ ಕೋಡ್ ಬರೆಯುವುದರಲ್ಲಿಲ್ಲ, ಪ್ಲ್ಯಾನ್ ಓದುವುದರಲ್ಲಿದೆ. ಇದನ್ನು ನಾನು ಕಲಿತ ಬಗೆ ಹೀಗೆ. ಹಿಂದೆ ನಾನಿದ್ದ ಒಂದು ಸಣ್ಣ ತಂಡದಲ್ಲಿ, ಇದೇ ಬಗೆಯ ಮೂರು ಸರ್ವರ್‌ಗಳ ಕ್ಲಸ್ಟರ್‌ಗೆ ಒಂದು ಪೋರ್ಟ್ ತೆರೆಯಬೇಕಿತ್ತು. ಒಂದು ನಿಯಮ ಸೇರಿಸಿ, ಪ್ಲ್ಯಾನ್ ತೋರಿಸಿ ಒಪ್ಪಿಗೆ ಪಡೆದ ಮೇಲೆ ಬದಲಾವಣೆ ಮಾಡುವ ಅಪ್ಲೈ ಕಮಾಂಡ್ ಓಡಿಸಿದೆ. ಪರದೆಯ ಮೇಲೆ ಉದ್ದವಾದ ಪಠ್ಯ ಹರಿಯಿತು. ನಾನು ಸೇರಿಸಿದ ನಿಯಮ ಹಸಿರು ಬಣ್ಣದಲ್ಲಿ ಕೂಡುವ ಚಿಹ್ನೆಯೊಂದಿಗೆ ಕಾಣಿಸಿತು. ಅದನ್ನು ನೋಡಿ ತೃಪ್ತನಾಗಿ ಯೆಸ್ ಎಂದು ಟೈಪ್ ಮಾಡಿದೆ. ಕೊನೆಯ ಸಾಲು ಮಾತ್ರ ನನ್ನ ಕಣ್ಣಿಗೆ ಬಿದ್ದೂ ಮನಸ್ಸಿಗೆ ಮುಟ್ಟಿರಲಿಲ್ಲ: 4 ಟು ಆಡ್, 0 ಟು ಚೇಂಜ್, 3 ಟು ಡಿಸ್ಟ್ರಾಯ್. ಅಂದರೆ ನಾಲ್ಕು ಹೊಸದಾಗಿ ಸೇರುತ್ತವೆ, ಯಾವುದೂ ತಿದ್ದುಪಡಿಯಾಗುವುದಿಲ್ಲ, ಮೂರು ನಾಶವಾಗುತ್ತವೆ.

ಸರ್ವರ್‌ನ ಇಮೇಜ್ ಅನ್ನು ನಾನು ತೀರಾ ಇತ್ತೀಚಿನದು ಯಾವುದೋ ಅದು ಎಂದು ಡೇಟಾ ಸೋರ್ಸ್ ಮೂಲಕ ಹುಡುಕಿಸುತ್ತಿದ್ದೆ. ಆ ವಾರ ಹೊಸ ಇಮೇಜ್ ಬಂದಿತ್ತು. ಇಮೇಜ್ ಬದಲಾದರೆ ಇದ್ದ ಸರ್ವರ್ ಅನ್ನು ತಿದ್ದಲು ಬರುವುದಿಲ್ಲ, ಒಡೆದು ಹೊಸದು ಮಾಡಬೇಕು. ಪ್ಲ್ಯಾನ್‌ನಲ್ಲಿ ಎಎಂಐ ಸಾಲಿನ ಪಕ್ಕದಲ್ಲೇ ಫೋರ್ಸಸ್ ರೀಪ್ಲೇಸ್‌ಮೆಂಟ್ ಎಂದು ಮೂರು ಸಲ ಬರೆದಿತ್ತು. ಟೆರ್ರಾಫಾರ್ಮ್ ಡೀಫಾಲ್ಟ್ ಆಗಿ ಏಕಕಾಲಕ್ಕೆ 10 ಕಾರ್ಯಗಳವರೆಗೆ ನಡೆಸುವುದರಿಂದ ಮೂರು ಸರ್ವರ್‌ಗಳೂ ಒಟ್ಟಿಗೇ ಹೋದವು, ಅವುಗಳ ಡಿಸ್ಕ್‌ಗಳಲ್ಲಿದ್ದ ಇಟಿಸಿಡಿಯ ಮೂರು ಪ್ರತಿಗಳೂ ಹೋದವು. ಉಳಿಸಿದ್ದು ಎಸ್3ಗೆ ಹೋಗುತ್ತಿದ್ದ ಸ್ನ್ಯಾಪ್‌ಶಾಟ್, ಅಂದರೆ ಇಟಿಸಿಡಿಯ ಆಗಾಗಿನ ನಕಲು. ಕೆ3ಎಸ್ ಡೀಫಾಲ್ಟ್ ಆಗಿ 12 ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆದು ಕೊನೆಯ 5ನ್ನು ಇಟ್ಟುಕೊಳ್ಳುತ್ತದೆ, ಆದರೆ ಅದೇ ಸರ್ವರ್‌ನ ಡಿಸ್ಕ್‌ನಲ್ಲಿ. ಎಸ್3ಗೆ ಕಳುಹಿಸುವ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಅದೊಂದನ್ನು ಮಾಡಿಟ್ಟಿದ್ದರಿಂದ ಆ ರಾತ್ರಿ ಕ್ಲಸ್ಟರ್ ಮರಳಿ ಬಂತು, ಹನ್ನೊಂದು ಗಂಟೆಗಳಷ್ಟು ಹಳೆಯದಾಗಿ. ದಯವಿಟ್ಟು ಈ ಆಯ್ಕೆಯನ್ನು ಮೊದಲ ದಿನವೇ ಸ್ಕ್ರಿಪ್ಟ್‌ನಲ್ಲಿ ಸೇರಿಸಿ.

ಇಮೇಜ್ ಐಡಿಯನ್ನು ಸರ್ವರ್‌ಗೊಂದರಂತೆ ಮ್ಯಾಪ್‌ನಲ್ಲಿ ಬರೆಯಿರಿ ಎಂದದ್ದು ಇದಕ್ಕೇ. ಹೊಸ ಇಮೇಜ್‌ಗೆ ಹೋಗಬೇಕಾದಾಗ ಸಿಯ ಐಡಿಯೊಂದನ್ನೇ ಬದಲಿಸಿದರೆ, ಪ್ಲ್ಯಾನ್‌ನ ಕೊನೆಯ ಸಾಲು 1 ಟು ಆಡ್, 0 ಟು ಚೇಂಜ್, 1 ಟು ಡಿಸ್ಟ್ರಾಯ್ ಎಂದೇ ಇರಬೇಕು. ಬೇರೆ ಯಾವ ಅಂಕೆ ಬಂದರೂ ಕೈ ಹಿಂದೆಗೆಯಿರಿ.

ಈಗ ನಾನು ಪ್ಲ್ಯಾನ್ ಅನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೊದಲು ಕೊನೆಯ ಸಾಲಿನ ಅಂಕೆಗಳು. ಡಿಸ್ಟ್ರಾಯ್‌ನ ಅಂಕೆ ಸೊನ್ನೆಯಲ್ಲದಿದ್ದರೆ ಯಾವುದು ಹೋಗುತ್ತಿದೆ, ಯಾವ ಸಾಲಿನಿಂದಾಗಿ ಹೋಗುತ್ತಿದೆ ಎಂದು ಹುಡುಕುತ್ತೇನೆ. ಆನಂತರವೇ ನಾನು ಬರೆದ ಬದಲಾವಣೆಯತ್ತ ನೋಡುತ್ತೇನೆ. ಪ್ಲ್ಯಾನ್ ಅನ್ನು ಔಟ್ ಆಯ್ಕೆಯೊಂದಿಗೆ ಫೈಲ್‌ಗೆ ಉಳಿಸಿ, ಅಪ್ಲೈ ಕಮಾಂಡ್‌ಗೆ ಅದೇ ಫೈಲ್ ಕೊಡಬೇಕು. ಹಾಗೆ ಮಾಡಿದಾಗ ನಾವು ಓದಿದ್ದೇ ನಡೆಯುತ್ತದೆ, ನಡುವೆ ಸ್ಟೇಟ್ ಬದಲಾಗಿದ್ದರೆ ಆ ಪ್ಲ್ಯಾನ್ ಹಳತಾಯಿತೆಂದು ಟೆರ್ರಾಫಾರ್ಮ್ ತಾನೇ ನಿರಾಕರಿಸುತ್ತದೆ. ಆ ಫೈಲ್‌ನಲ್ಲೂ ಗುಟ್ಟುಗಳು ಇರಬಹುದಾದ್ದರಿಂದ ಎಲ್ಲೆಂದರಲ್ಲಿ ಬಿಡಬೇಡಿ.

ಕಟ್ಟಿ ಮುಗಿದ ಮೇಲೆ

ಮೂರು ಸರ್ವರ್‌ಗಳೂ ರೆಡಿ ಎಂದು ಕುಬರ್ನೆಟೀಸ್‌ನ ಕಮಾಂಡ್ ಲೈನ್ ಸಲಕರಣೆಯಾದ ಕ್ಯೂಬ್‌ಸಿಟಿಎಲ್ ತೋರಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸದೆ, ಇನ್ನೂ ಯಾರೂ ಬಳಸಲು ಆರಂಭಿಸದ ಈ ಹೊತ್ತಿನಲ್ಲೇ ಒಂದು ಸರ್ವರ್ ಅನ್ನು ಬೇಕೆಂದೇ ಮರುಕಟ್ಟಿ ನೋಡಿ. ಸಿಯ ಮೇಲಿನ ಪಾಡ್‌ಗಳನ್ನು ಡ್ರೇನ್ ಕಮಾಂಡ್‌ನಿಂದ ಬೇರೆಡೆಗೆ ಕಳುಹಿಸಿ, ಕ್ಲಸ್ಟರ್‌ನ ಪಟ್ಟಿಯಿಂದ ಸಿಯನ್ನು ಅಳಿಸಿ. ಅಳಿಸುವುದನ್ನು ಮರೆಯಬಾರದು: ಅದರಿಂದಲೇ ಇಟಿಸಿಡಿಯ ಸದಸ್ಯತ್ವವೂ ರದ್ದಾಗುತ್ತದೆ, ಅದೇ ಐಪಿ ಮತ್ತು ಅದೇ ಹೆಸರಿನಲ್ಲಿ ಬರುವ ಹೊಸ ಯಂತ್ರಕ್ಕೆ ಒಳಬರಲು ದಾರಿಯೂ ತೆರೆಯುತ್ತದೆ. ಬಳಿಕ ರೀಪ್ಲೇಸ್ ಆಯ್ಕೆಯೊಂದಿಗೆ ಸಿಯನ್ನು ಮಾತ್ರ ಹೆಸರಿಸಿ ಪ್ಲ್ಯಾನ್ ಮಾಡಿ, ಓದಿ, ಅಪ್ಲೈ ಮಾಡಿ. ಹೊಸದನ್ನು ಕಟ್ಟಿದ ನಂತರ ಹಳೆಯದನ್ನು ಒಡೆಯುವ ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್ ಎಂಬ ಸೂಚನೆಯನ್ನು ಇಲ್ಲಿ ಬಳಸಲಾಗದು, ಏಕೆಂದರೆ ಗೊತ್ತುಮಾಡಿದ ಐಪಿಯನ್ನು ಹಳೆಯ ಸರ್ವರ್ ಬಿಟ್ಟುಕೊಡುವವರೆಗೆ ಹೊಸದಕ್ಕೆ ಅದು ಸಿಗುವುದಿಲ್ಲ. ಹೊಸ ಸಿ ತಾನಾಗಿಯೇ ಬಂದು ಸೇರಿದರೆ, ಬಿಯನ್ನೂ ಕೊನೆಗೆ ಎಯನ್ನೂ ಹೀಗೆಯೇ ಮಾಡಿ. ಎ ಸರಿಯಾಗಿ ಮರಳಿತೇ ಎಂಬುದೇ ಸ್ಕ್ರಿಪ್ಟ್‌ನ ನಿಜವಾದ ಪರೀಕ್ಷೆ. ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಪ್ಲ್ಯಾನ್ ಓಡಿಸಿದರೆ ನೋ ಚೇಂಜಸ್ ಎಂದು ಬರಬೇಕು.

ಅಂದಿನಿಂದ ಕನ್ಸೋಲ್ ಅನ್ನು ನೋಡುವುದಕ್ಕಷ್ಟೇ ಬಳಸಬೇಕು. ತುರ್ತಿನಲ್ಲಿ ಯಾರಾದರೂ ಅಲ್ಲಿ ಕೈಯಾಡಿಸಿದರೆ, ಮರುದಿನದೊಳಗೆ ಅದನ್ನು ಕೋಡ್‌ಗೂ ತರುವ ಕಟ್ಟುಪಾಡು ತಂಡದಲ್ಲಿರಲಿ. ಪ್ಲ್ಯಾನ್ ಎಲ್ಲವನ್ನೂ ಹಿಡಿಯುತ್ತದೆಂದು ನಂಬಿ ಕೂರುವಂತಿಲ್ಲ: ಸೆಕ್ಯೂರಿಟಿ ಗ್ರೂಪ್‌ನ ನಿಯಮಗಳನ್ನು ಒಂದೊಂದೂ ಪ್ರತ್ಯೇಕ ಬ್ಲಾಕ್ ಆಗಿ ಬರೆದಿದ್ದರೆ, ಕನ್ಸೋಲ್‌ನಲ್ಲಿ ಸೇರಿಸಿದ ಹೆಚ್ಚುವರಿ ನಿಯಮ ಸ್ಟೇಟ್‌ಗೆ ಗೊತ್ತೇ ಇರುವುದಿಲ್ಲ, ಪ್ಲ್ಯಾನ್‌ನಲ್ಲಿ ಕಾಣುವುದೂ ಇಲ್ಲ.

ಪ್ರಯೋಗಕ್ಕೆಂದು ಕಟ್ಟಿದ ಕ್ಲಸ್ಟರ್ ಆಗಿದ್ದರೆ ಡಿಸ್ಟ್ರಾಯ್ ಕಮಾಂಡ್‌ನಿಂದ ಕೆಡವಿ, ಆದರೆ ಒಂದು ಎಚ್ಚರಿಕೆಯೊಂದಿಗೆ. ಕುಬರ್ನೆಟೀಸ್‌ನೊಳಗೆ ಎಡಬ್ಲ್ಯುಎಸ್‌ನ ಕಂಟ್ರೋಲರ್‌ಗಳನ್ನು ಹಾಕಿಕೊಂಡಿದ್ದರೆ, ಸಂಚಾರವನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ಗಳನ್ನೂ ಇಬಿಎಸ್ ಡಿಸ್ಕ್‌ಗಳನ್ನೂ ಕ್ಲಸ್ಟರ್ ತಾನೇ ಹುಟ್ಟಿಸಿರುತ್ತದೆ. ಅವು ಟೆರ್ರಾಫಾರ್ಮ್‌ನ ಸ್ಟೇಟ್‌ನಲ್ಲಿ ಇರುವುದಿಲ್ಲ. ಅವುಗಳನ್ನು ಕ್ಲಸ್ಟರ್ ಬದುಕಿರುವಾಗಲೇ ಕ್ಯೂಬ್‌ಸಿಟಿಎಲ್ ಮೂಲಕ ಅಳಿಸಬೇಕು. ಇಲ್ಲದಿದ್ದರೆ ಲೋಡ್ ಬ್ಯಾಲೆನ್ಸರ್‌ನ ನೆಟ್‌ವರ್ಕ್ ಇಂಟರ್‌ಫೇಸ್‌ಗಳು ಸಬ್‌ನೆಟ್ ಅನ್ನು ಹಿಡಿದುಕೊಂಡಿರುವುದರಿಂದ ವಿಪಿಸಿಯ ಅಳಿಸುವಿಕೆ ಬಹಳ ಹೊತ್ತು ಕಾದು ದೋಷದಲ್ಲಿ ನಿಲ್ಲುತ್ತದೆ, ಒಡೆಯರಿಲ್ಲದ ಡಿಸ್ಕ್‌ಗಳು ತಿಂಗಳುಗಟ್ಟಲೆ ಬಿಲ್‌ನಲ್ಲಿ ಉಳಿಯುತ್ತವೆ. ಕೆಡವಿದ ಮರುದಿನ ಬಿಲ್ಲಿಂಗ್ ಪುಟ ತೆರೆದು, ಎಡಬ್ಲ್ಯುಎಸ್‌ನ ಸರ್ವರ್ ಸೇವೆಯಾದ ಇಸಿ2 ಹೆಸರಿನಡಿ ಇನ್ನೂ ಯಾವ ಸಾಲು ಏರುತ್ತಿದೆ ಎಂದು ನೋಡಿಕೊಳ್ಳಿ.